ಪರೀಕ್ಷಿಸುವುದು ಅಪನಂಬಿಕೆಯೇ?

ನಮಗೆ ಬೇಕಾದವರು ಸಿದ್ಧಪಡಿಸಿ ಕೊಟ್ಟ ವಸ್ತುವನ್ನು ಅವರೆದುರಿಗೇ ಪರೀಕ್ಷಿಸಿದರೆ ಅವರನ್ನು ಅವಮಾನಿಸಿದಂತಾಗುವುದೇ? ಮನೆಮನೆಯ ಈ ಪ್ರಶ್ನೆಗೆ ಕಡಲಾಳಕ್ಕೆ ಇಳಿಯುವ ಸ್ಕೂಬಾ ಡೈವರ್‌ಗಳಲ್ಲಿ ಸ್ಪಷ್ಟವಾದ ಉತ್ತರವಿದೆ.

ಡೈವರ್ ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ತುಂಬಿದ ಗಾಳಿ. ಅದರಲ್ಲಿ ಆಮ್ಲಜನಕ ಶೇಕಡ 21ರಷ್ಟು. ಹೆಚ್ಚು ಹೊತ್ತು ನೀರಿನಡಿ ಇರಬಯಸುವವರು ಅದನ್ನು ಶೇಕಡ 32ಕ್ಕೋ 36ಕ್ಕೋ ಏರಿಸಿದ ‘ನೈಟ್ರಾಕ್ಸ್’ ಬಳಸುತ್ತಾರೆ. ಆಗ ಮೈಯಲ್ಲಿ ಸೇರುವ ಸಾರಜನಕ ಕಡಿಮೆ. ಆದರೆ ಆಳದ ಒತ್ತಡದಲ್ಲಿ ಪ್ರಾಣವಾಯುವೇ ವಿಷವಾಗಬಲ್ಲದು. ಫ್ರಾನ್ಸಿನ ವಿಜ್ಞಾನಿ ಪೌಲ್ ಬೆರ್ ಇದನ್ನು 1878ರಲ್ಲೇ ವಿವರಿಸಿದ್ದರು. ಶೇಕಡ 32ರ ಮಿಶ್ರಣದೊಡನೆ ಸುಮಾರು 33 ಮೀಟರ್ ಇಳಿಯಬಹುದು. ಶೇಕಡ 40 ಆದರೆ 25 ಮೀಟರ್ ಮಾತ್ರ. ಮಿತಿ ಮೀರಿದರೆ ಮುನ್ಸೂಚನೆಯಿಲ್ಲದೆ ಫಿಟ್ಸ್ ಬರಬಹುದು. ನೀರಿನಡಿಯಲ್ಲಿ ಅದು ಬಹುಮಟ್ಟಿಗೆ ಸಾವೇ. ಈ ಅನಿಲಗಳಿಗೋ ಬಣ್ಣವಿಲ್ಲ, ವಾಸನೆಯಿಲ್ಲ.

ಆದುದರಿಂದಲೇ ಅವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ತುಂಬಿದವನು ಅಳೆದಿದ್ದರೂ ಉಸಿರಾಡುವವನು ಆ ಅಳತೆಯನ್ನು ಕಣ್ಣಾರೆ ಕಾಣಬೇಕು. ಅಳೆಯುವ ಮೀಟರನ್ನು ಮೊದಲು ಬರೀ ಗಾಳಿಯಲ್ಲಿ ಸರಿಹೊಂದಿಸುತ್ತಾರೆ. ಬಳಿಕ ಸಿಲಿಂಡರಿನಿಂದ ಅನಿಲವನ್ನು ಮೆಲ್ಲಗೆ ಹಾಯಿಸಿ, ಅಂಕಿ ನಿಲ್ಲುವ ತನಕ ಕಾಯುತ್ತಾರೆ. ಆ ಅಂಕಿ, ಇಳಿಯಬಹುದಾದ ಆಳ, ದಿನಾಂಕ, ಹೆಸರು ಬರೆದು ಸಿಲಿಂಡರಿಗೆ ಅಂಟಿಸಿ, ಪುಸ್ತಕದಲ್ಲಿ ಸಹಿ ಹಾಕುತ್ತಾರೆ.

ತುಂಬಿದವನು ಇದರಿಂದ ನೊಂದುಕೊಳ್ಳುವನೇ? ಇಲ್ಲ. ನಂಬಿಕೆ ಇಡುವುದು ಮನುಷ್ಯನ ಮನಸ್ಸಿನ ಮೇಲೆ. ಅಳತೆ ಹೇಳುವುದು ವಸ್ತುವಿನ ಸ್ಥಿತಿಯನ್ನು. ಮನಸ್ಸು ಶುದ್ಧವಾಗಿದ್ದರೂ ಕೈ ತಪ್ಪಬಹುದು, ಚೀಟಿ ಅದಲುಬದಲಾಗಬಹುದು. ನೋಡದೆ ಸಹಿ ಹಾಕುವುದೇ ನಿಜವಾದ ದೋಷ. ಸಹಿಯ ಅರ್ಥ ‘ನಾನು ನೋಡಿದ್ದೇನೆ’ ಎಂದು. ನೋಡದೆ ಹಾಕಿದರೆ ಅದು ಸುಳ್ಳು. ಅದರ ಬೆಲೆಯನ್ನು ತೆರುವವರು ನಾವೊಬ್ಬರೇ ಅಲ್ಲ. ಆಪತ್ತಿನಲ್ಲಿ ನಮ್ಮನ್ನು ಹಿಡಿದೆತ್ತಲು ಬರುವ ಜೊತೆಗಾರನ ಪ್ರಾಣಕ್ಕೂ ಸಂಚಕಾರ.

ಹಾಗೆಂದು ಅಳತೆಯಿಂದ ನಂಬಿಕೆಯ ಅಗತ್ಯ ಮುಗಿಯುವುದಿಲ್ಲ. ಆಮ್ಲಜನಕದ ಮೀಟರ್ ಇಂಗಾಲದ ಮಾನಾಕ್ಸೈಡನ್ನು ತೋರಿಸದು. ಕಂಪ್ರೆಸರನ್ನು ಸುಸ್ಥಿತಿಯಲ್ಲಿಟ್ಟವನ ನಿಷ್ಠೆಯನ್ನು ಡೈವರ್ ನಂಬಲೇಬೇಕು. ಎಲ್ಲವನ್ನೂ ತಾನೇ ಅಳೆದೇನು ಎನ್ನುವವನು ದಡದಲ್ಲೇ ಉಳಿದಾನು. ಏನನ್ನೂ ಅಳೆಯದವನು ಮೇಲೆ ಬಾರದೇ ಹೋದಾನು. ವಿವೇಕದ ದಾರಿ ಇವೆರಡರ ನಡುವೆ ಇದೆ.

ಪ್ರಿಯ ಓದುಗರೇ, ಅಡುಗೆ ಅನಿಲದ ಸಿಲಿಂಡರ್ ಬಂದಾಗ ಸೀಲು ನೋಡಿ, ಸೋರುತ್ತಿದೆಯೇ ಎಂದು ಪರೀಕ್ಷಿಸಿ. ಮಗುವಿನ ಔಷಧದ ಚೀಟಿಯನ್ನು ಮತ್ತೊಮ್ಮೆ ಓದಿ. ತಂದುಕೊಟ್ಟವರು ಮುನಿದಾರೆಂಬ ಸಂಕೋಚ ಬೇಡ. ಆದರೆ ಗಂಡ ಹೆಂಡತಿಯ ಪತ್ರಗಳನ್ನು ಕದ್ದು ಓದುವುದಕ್ಕೆ, ಬೆಳೆದ ಮಗಳ ಮಾತಿಗೆಲ್ಲ ಸಾಕ್ಷಿ ಕೇಳುವುದಕ್ಕೆ ಇದೇ ನಿಯಮವನ್ನು ಆಧಾರ ಮಾಡಿಕೊಳ್ಳಬೇಡಿ. ಸಿಲಿಂಡರನ್ನು ಎಷ್ಟು ಸಲ ಅಳೆದರೂ ಒಳಗಿನ ಅನಿಲ ಕೆಡುವುದಿಲ್ಲ. ಹೃದಯ ಹಾಗಲ್ಲ, ಅಳೆಯಲು ಹೊರಟಾಗಲೇ ಅದು ಮುಚ್ಚಿಕೊಳ್ಳುತ್ತದೆ.