ಮೂಟೆ ಹೊತ್ತವನು ಕೆಲಸ ಮಾಡಿದನೋ ಇಲ್ಲವೋ

ವಿಷಯ: ಕೆಲಸ, ಶಕ್ತಿ, ಸಾಮರ್ಥ್ಯ. ಶಾಲೆಯ ವಿಜ್ಞಾನದಲ್ಲಿ ಇವು ಮೂರೂ ಬೇರೆ ಬೇರೆ, ಬಲವಂತೂ ನಾಲ್ಕನೆಯದು. ಮನೆಮಾತಿನಲ್ಲಿ ಹಾಗಿಲ್ಲ; 'ಆ ಎತ್ತಿಗೆ ಶಕ್ತಿ ಇದೆ' ಅಂದರೆ ಬಲವೂ ಬಂತು, ಸಾಮರ್ಥ್ಯವೂ ಬಂತು. ಮಕ್ಕಳು ಲೆಕ್ಕಕ್ಕಿಂತ ಮೊದಲು ಇಲ್ಲೇ ಎಡವುತ್ತಾರೆ ಎಂದು ನನಗನ್ನಿಸುತ್ತದೆ.

ಸೂತ್ರ ಚಿಕ್ಕದು. ಬಲ ಹಾಕಿದ ದಿಕ್ಕಿಗೆ ವಸ್ತು ಸರಿದರೆ ಕೆಲಸ. 50 ಕಿಲೊ ಮೆಕ್ಕೆಜೋಳದ ಮೂಟೆಯನ್ನು ಒಂದೂವರೆ ಮೀಟರ್ ಎತ್ತಿ ಲಾರಿಗೆ ಹಾಕಿದರೆ 50 × 9.8 × 1.5, ಅಂದರೆ 735 ಜೂಲ್.

ಪೂರ್ವಪಕ್ಷ: ಅದೇ ಮೂಟೆ ಹೊತ್ತು ನ್ಯಾಮತಿಯ ಗೋದಾಮಿನ ಅಂಗಳದಲ್ಲಿ 100 ಮೀಟರ್ ನಡೆದ ಹಮಾಲಿ ಬೆವರಿಳಿಸುತ್ತಾನೆ. ಪುಸ್ತಕ ಅವನ ಕೆಲಸ ಸೊನ್ನೆ ಅನ್ನುತ್ತದೆ. ಇದ್ಯಾವ ನ್ಯಾಯ?

ಸಮಾಧಾನ: ಪುಸ್ತಕ ಅಳೆಯುವುದು ಮೂಟೆಗೆ ಸೇರಿದ್ದೇನು ಎಂಬುದನ್ನು. ತಲೆ ಅದನ್ನು ಮೇಲಕ್ಕೆ ಒತ್ತುತ್ತದೆ, ಅದು ಸಾಗುವುದು ಅಡ್ಡಕ್ಕೆ; ನಡುವೆ 90 ಡಿಗ್ರಿ. ಹೊರಡುವಾಗ ಕೊಟ್ಟ ತುಸು ವೇಗವೂ ನಿಂತಾಗ ಚುಕ್ತಾ. ದಣಿವು ಮಾತ್ರ ಸುಳ್ಳಲ್ಲ. ಭಾರ ತಡೆಯಲು ಸ್ನಾಯುವಿನ ಎಳೆಗಳು ಬಿಗಿಯುತ್ತ ಸಡಿಲಾಗುತ್ತ ಉಂಡ ಮುದ್ದೆಯ ಶಕ್ತಿಯನ್ನು ಖರ್ಚು ಮಾಡುತ್ತವೆ. ಅದು ಶಾಖವಾಗಿ ಮೈಬಿಟ್ಟು ಹೋಗುತ್ತದೆ. ಪುಣ್ಯಕ್ಕೆ, ಜೂಲ್ ಎಣಿಸಿ ಕೂಲಿ ಕೊಡುವ ಧಣಿ ಇನ್ನೂ ಹುಟ್ಟಿಲ್ಲ.

ಸಾಮರ್ಥ್ಯವೆಂದರೆ ಕೆಲಸದ ವೇಗ. ಮೂಟೆಯನ್ನು ಒಂದೇ ಸೆಕೆಂಡಿನಲ್ಲಿ ಎತ್ತಿದರೆ 735 ವ್ಯಾಟ್, ಹೆಚ್ಚುಕಡಿಮೆ ಒಂದು ಎಚ್‌ಪಿ (746 ವ್ಯಾಟ್). ಹತ್ತು ಸೆಕೆಂಡು ತಗೊಂಡರೆ 73.5 ವ್ಯಾಟ್. ಕೆಲಸ ಎರಡರಲ್ಲೂ ಅಷ್ಟೇ.

ಆಕ್ಷೇಪ: ಹಾಗಾದರೆ ಜಗಳೂರಿನ ಕೊಳವೆಬಾವಿಗೆ 10 ಎಚ್‌ಪಿ ಮೋಟಾರು ಇಳಿಸಿದರೆ ನೀರು ಅಗ್ಗವಾಗುವುದಿಲ್ಲವೇ? ಆಗುವುದಿಲ್ಲ. 150 ಮೀಟರ್, ಅಂದರೆ ಸುಮಾರು 500 ಅಡಿ ಆಳದಿಂದ ಒಂದು ಲೀಟರ್ ಮೇಲೆ ಬರಲು ಕನಿಷ್ಠ 1,470 ಜೂಲ್ ಬೇಕೇಬೇಕು, ಮೋಟಾರು ಯಾವುದಾದರೂ ಇರಲಿ. ದೊಡ್ಡದು ಬೇಗ ಎತ್ತೀತು, ಅದೂ ಬಾವಿಯಲ್ಲಿ ನೀರಿದ್ದರೆ. ಹೊನ್ನಾಳಿಯಲ್ಲಿ ತುಂಗಭದ್ರೆಯಿಂದ 10 ಮೀಟರ್ ಎತ್ತುವವನಿಗೆ ಅದೇ ಲೀಟರಿಗೆ 98 ಜೂಲ್ ಸಾಕು. ಒಂದು ಯೂನಿಟ್ ಕರೆಂಟು 36 ಲಕ್ಷ ಜೂಲ್. ಸೋರಿಕೆಯೇ ಇಲ್ಲವೆಂದುಕೊಂಡರೂ ಜಗಳೂರಿನವನಿಗೆ ಸಿಗುವುದು 2,450 ಲೀಟರ್, ಹೊನ್ನಾಳಿಯವನಿಗೆ 36,700. ನಿಜದಲ್ಲಿ ಇಬ್ಬರಿಗೂ ಇನ್ನೂ ಕಡಿಮೆ. ಪಂಪು, ಪೈಪು ತಮ್ಮ ಪಾಲನ್ನು ಶಾಖವಾಗಿ ಕಳೆಯುತ್ತವೆ.

ಕೊನೆಯ ಆಕ್ಷೇಪ ಚನ್ನಗಿರಿಯದು: ಸೂಳೆಕೆರೆಯ ನೀರು ಮೋಟಾರಿಲ್ಲದೆ ಗದ್ದೆಗೆ ಹರಿಯುತ್ತದಲ್ಲ, ಅದಕ್ಕೆ ಶಕ್ತಿ ಕೊಟ್ಟವರಾರು? ಸೂರ್ಯ. ಕಡಲಿನಿಂದ ಆವಿಯಾಗಿ ಎತ್ತಿದ್ದು ಅವನೇ. ಮಳೆಯಾಗಿ ಬಿದ್ದ ನೀರು ಗದ್ದೆಗಿಂತ ಎತ್ತರದಲ್ಲಿ ನಿಂತಿದೆ, ತೂಬು ತೆರೆದಾಗ ಇಳಿಯುತ್ತದೆ. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಆ ಏರಿ ಶತಮಾನಗಳಿಂದ ಅಷ್ಟು ನೀರಿಗೆ ಎದೆಯೊಡ್ಡಿ ನಿಂತಿದೆ. ಅದು ಮಾಡಿದ ಕೆಲಸವೆಷ್ಟು? ಜರುಗಿಲ್ಲವಾದ್ದರಿಂದ ಸೊನ್ನೆ. ಸ್ನಾಯುವಿಲ್ಲವಾದ್ದರಿಂದ ಹಮಾಲಿಯ ದಣಿವೂ ಅದಕ್ಕಿಲ್ಲ.