ಬುತ್ತಿ ಒಳಗೆ ಬಿಡುವುದಿಲ್ಲ

ನಮ್ಮ ಕಡೆಯ ಹೆಂಗಸರು ಪ್ರವಾಸ ಹೋಗಿ ಬಂದ ಮೇಲೆ ಹೆಚ್ಚು ಮಾತಾಡುವುದು ನೋಡಿದ್ದರ ಬಗ್ಗೆ ಅಲ್ಲ, ತಿಂದದ್ದರ ಬಗ್ಗೆ. ಬೃಂದಾವನ ಹೇಗಿತ್ತು ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಒಂದು ಮಾತಿನಲ್ಲಿ ಕಾರಂಜಿ, ದೀಪ, ಹೂವು ಎಲ್ಲವೂ ಮುಗಿದುಹೋಗುತ್ತದೆ. ಅಲ್ಲಿ ತಿಂದ ಚುರುಮುರಿಗೆ ಈರುಳ್ಳಿ ಎಷ್ಟು ಸಣ್ಣಗೆ ಹೆಚ್ಚಿದ್ದರು ಎನ್ನುವುದಕ್ಕೆ ಮಾತ್ರ ಹತ್ತು ನಿಮಿಷ ಬೇಕು. ಮೈಸೂರು ದಸರಾ ವಸ್ತುಪ್ರದರ್ಶನ 1880ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದದ್ದು. ಉದ್ದೇಶ ನಾಡಿನ ಕೈಗಾರಿಕೆ, ಕುಶಲಕಲೆಗಳನ್ನು ಜನಕ್ಕೆ ತೋರಿಸುವುದು. ಇವತ್ತು ಹುಣಸೂರಿನಿಂದ, ಪಿರಿಯಾಪಟ್ಟಣದಿಂದ ಬಸ್ಸು ಹತ್ತಿ ಹೋಗುವವರನ್ನು ಕೇಳಿ ನೋಡಿ. ಹೋಗುವುದು ಡೆಲ್ಲಿ ಹಪ್ಪಳಕ್ಕೆ, ಮೆಣಸಿನಕಾಯಿ ಬಜ್ಜಿಗೆ. ನಡುವೆ ಸಿಕ್ಕಿದರೆ ಸರ್ಕಾರಿ ಇಲಾಖೆಗಳ ಮಳಿಗೆಯನ್ನೂ ನೋಡುತ್ತಾರೆ.

ಗಂಡಸರಿಗೆ ಇದು ತಮಾಷೆ. "ಅಷ್ಟು ದೂರ ಹೋಗಿ ಬಜ್ಜಿ ವಿಚಾರ ಮಾತಾಡ್ತೀರಲ್ಲ" ಎನ್ನುತ್ತಾರೆ. ನನಗೇನೋ ಇದು ಹಗುರವಾದ ಮಾತು ಅನ್ನಿಸಿಲ್ಲ. ಈಗಿನ ಆಟದ ಪಾರ್ಕುಗಳನ್ನೇ ತೆಗೆದುಕೊಳ್ಳಿ. ದೊಡ್ಡ ತೊಟ್ಟಿಲಿನಲ್ಲಿ ಕೂತರೆ ಎರಡು ನಿಮಿಷ, ನೀರಿನ ಜಾರುಬಂಡೆಯಲ್ಲಿ ಅರ್ಧ ನಿಮಿಷ, ಅದರಲ್ಲೂ ಕಣ್ಣು ಮುಚ್ಚಿಕೊಂಡಿರುತ್ತೇವೆ. ಜೊತೆಗೆ ಹೋದವರ ಮುಖ ನೋಡುತ್ತಾ ನಿಧಾನವಾಗಿ ಕೂರುವುದು ಊಟದ ಹೊತ್ತಿನಲ್ಲೇ. ಅದು ನೆನಪಿನಲ್ಲಿ ಉಳಿದರೆ ಏನಾಶ್ಚರ್ಯ? ಅಲ್ಲದೆ ಅಡುಗೆ ನಮಗೆ ತಿಳಿದ ವಿದ್ಯೆ. ರೈಲಿನ ಹಾಗೆ ಗಿರಕಿ ಹೊಡೆಯುವ ಯಂತ್ರದ ಗುಣದೋಷ ನಾವು ಹೇಳಲಾರೆವು. ಎಣ್ಣೆ ಎರಡನೇ ದಿನದ್ದೋ ಮೂರನೇ ದಿನದ್ದೋ ಎಂದು ಮೂಗಿನಲ್ಲೇ ಹೇಳುತ್ತೇವೆ. ಗೋಬಿ ಮಂಚೂರಿಯ ಆ ಕೆಂಪು ಬಣ್ಣ ಕಂಡು ನಮ್ಮ ಬೀದಿಯ ಅಜ್ಜಿಯೊಬ್ಬರು "ಇದೇನು ಕುಂಕುಮದ ನೀರಲ್ಲಿ ಕರೆದಿದ್ದಾರಾ" ಎಂದು ಎಷ್ಟೋ ವರ್ಷದ ಹಿಂದೆಯೇ ಕೇಳಿದ್ದರು. ಸರ್ಕಾರ ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು ಹೇಳಿದ್ದು 2024ರ ಮಾರ್ಚಿನಲ್ಲಿ.

ಇದು ನಮ್ಮೂರಿನ ಚಾಳಿ ಮಾತ್ರವೂ ಅಲ್ಲ. ಅಮೆರಿಕದ ಫ್ಲಾರಿಡಾದಲ್ಲಿರುವ ನನ್ನ ಅಕ್ಕನ ಮಗಳು ಫೋನು ಮಾಡಿದಾಗಲೆಲ್ಲ ಅಲ್ಲಿನ ಡಿಸ್ನಿ ಪಾರ್ಕಿನ ಸುದ್ದಿ ಇರುತ್ತದೆ. ಯಾವ ಅಂಗಡಿಯಲ್ಲಿ ಹೊಸ ತಿಂಡಿ ಬಂತು, ಯಾವುದರ ರುಚಿ ಕೆಟ್ಟಿತು, ಯಾವುದಕ್ಕೆ ಬೆಲೆ ಏರಿತು ಎಂದು ಅಲ್ಲಿಯ ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರಂತೆ. ನಮ್ಮ ಬಜ್ಜಿ ಚರ್ಚೆಗೆ ಜಾಗತಿಕ ಮಾನ್ಯತೆ ಇದೆ ಎಂದು ತಿಳಿದು ನನಗೆ ಸಮಾಧಾನವಾಯಿತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ನಮ್ಮ ತಾಲ್ಲೂಕುಗಳಲ್ಲಿ ಈ ಮಾತು ಇನ್ನೂ ಹೆಚ್ಚಾಗಿದೆ. ಬಸ್ಸಿಗೆ ದುಡ್ಡಿಲ್ಲವೆಂದಾಗ ಮನೆಯಿಂದ ಹೊರಗೆ ಕಾಲಿಡದಿದ್ದವರೂ ಹೊರಟರು. ಎಚ್.ಡಿ. ಕೋಟೆಯವರು ಮೈಸೂರಿಗೆ, ಕೆ.ಆರ್. ನಗರದವರು ಬೈಲಕುಪ್ಪೆಗೆ, ಹುಣಸೂರಿನವರು ಎಲ್ಲ ಕಡೆಗೂ. ಬಸ್ಸಿನಲ್ಲಿ ಉಳಿದ ದುಡ್ಡು ತಿಂಡಿಗೆ. ನಮ್ಮ ಸಂಘದ ಹನ್ನೊಂದು ಜನ ಒಂದು ನೀರಿನ ಪಾರ್ಕಿಗೆ ಹೋದದ್ದೂ ಹೀಗೆಯೇ. ಅದರ ಹೆಸರು ಬೇಡ. ಹೆಚ್ಚುಕಡಿಮೆ ಎಲ್ಲ ಪಾರ್ಕುಗಳದ್ದೂ ಅದೇ ಕಟ್ಟಳೆ.

ಬಾಗಿಲಲ್ಲಿ ಚೀಲ ಬಿಚ್ಚಿಸಿದರು. ಚಪಾತಿ, ಒಣ ಚಟ್ನಿಪುಡಿ, ಪುಳಿಯೋಗರೆ, ಬಾಳೆ ಎಲೆ ಮುಚ್ಚಿದ ಮೊಸರನ್ನ ಒಂದೊಂದಾಗಿ ಮೇಜಿನ ಮೇಲೆ ಬಂದವು. ಕಾವಲಿನ ಹುಡುಗನ ಮಾತು ಕೇಳಿದರೆ ಪಿರಿಯಾಪಟ್ಟಣದ ಕಡೆಯವನೇ. "ಬುತ್ತಿ ಒಳಕ್ಕೆ ಬಿಡಾಕಿಲ್ಲ ಕಣಮ್ಮ. ನಾನೇನ್ ಮಾಡ್ಲಿ, ಇಲ್ಲಿ ರೂಲ್ಸು ಅಂಗೈತೆ" ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಮಧ್ಯಾಹ್ನದ ಊಟವನ್ನು ಬೆಳಿಗ್ಗೆ ಹತ್ತೂವರೆಗೆ ಗೇಟಿನ ಹೊರಗೆ ನಿಂತುಕೊಂಡೇ ಆದಷ್ಟು ತಿಂದು, ಉಳಿದದ್ದನ್ನು ಅಲ್ಲಿದ್ದ ಆಟೋದವರಿಗೆ ಕೊಟ್ಟು ಒಳಗೆ ಹೋದೆವು.

ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು. ಆಟ ತೋರಿಸುತ್ತೇನೆಂದು ಟಿಕೆಟ್ಟು ಮಾರಿದವನಿಗೆ ನಮ್ಮ ಹಸಿವಿನ ಮೇಲೂ ಹಕ್ಕಿದೆಯೇ?

ಕಾನೂನಿನ ಉತ್ತರ ಬಲ್ಲವರಿಗೆ ಗೊತ್ತು. ಸಿನಿಮಾ ಮಂದಿರಗಳ ವಿಚಾರದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2023ರ ಜನವರಿ 3ರಂದು ಕೋರ್ಟು ಹೇಳಿತು: ಮಂದಿರ ಮಾಲೀಕನ ಸ್ವತ್ತು, ಹೊರಗಿನ ತಿಂಡಿ ಬೇಡವೆನ್ನಲು ಅವನಿಗೆ ಅಧಿಕಾರವಿದೆ. ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಎಳೆಮಕ್ಕಳಿಗೆ ತಂದ ಆಹಾರವನ್ನು ತಡೆಯಬಾರದು. ಜಿಲೇಬಿ ತಿಂದು ಕೈಯನ್ನು ಸೀಟಿಗೆ ಒರೆಸಿದರೆ ತೊಳೆಯುವವರು ಯಾರು ಎಂಬ ಮಾತೂ ಅಲ್ಲಿ ಬಂತು. ಒಪ್ಪತಕ್ಕದ್ದೇ. ನಾವು ಕೂತೆದ್ದ ಜಾಗ ಹೇಗಿರುತ್ತದೆಂದು ನಮಗೇ ಗೊತ್ತು. ಚುಂಚನಕಟ್ಟೆ ಜಾತ್ರೆ ಮುಗಿದ ಮರುದಿನ ಹೊಳೆಯ ದಂಡೆಗೆ ಹೋಗಿ ನೋಡಿದವರು ಪಾರ್ಕಿನ ಮಾಲೀಕನನ್ನು ಪೂರ್ತಿ ಬೈಯಲಾರರು.

ಆದರೂ ಸಿನಿಮಾ ಬೇರೆ, ಪಾರ್ಕು ಬೇರೆ. ಮೂರು ಗಂಟೆ ಏನೂ ತಿನ್ನದೆ ಕೂತರೆ ಯಾರೂ ಸಾಯುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರಿನಲ್ಲಿ ಆಡಿದ ಮಕ್ಕಳಿಗೆ ಹಸಿವಾಗಲೇಬೇಕು. ಹಸಿವು ಅಲ್ಲಿ ತಪ್ಪಿಸಿಕೊಳ್ಳಲಾಗದ ಎರಡನೇ ಟಿಕೆಟ್ಟು, ಮತ್ತು ಅದರ ಬೆಲೆಯನ್ನು ಬಾಗಿಲಲ್ಲಿ ಬರೆದು ಹಾಕಿರುವುದಿಲ್ಲ. ಅನಿವಾರ್ಯವಾಗಿ ಹೀಗೆ ಮಾಡುತ್ತಾರೆ ಎನ್ನೋಣವೆಂದರೆ ಅದೂ ಅಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಜನ ತಮ್ಮ ತಿಂಡಿ ತಾವು ಒಯ್ಯಬಹುದು. ಅದೇ ಹೆಸರಿನ ಟೋಕಿಯೋ ಪಾರ್ಕು 1983ರಲ್ಲಿ ತೆರೆದಾಗಿನಿಂದ ಡಬ್ಬಿ ಊಟ ಒಳಗೆ ಬಿಡುವುದಿಲ್ಲ, ಬಾಗಿಲ ಹೊರಗೆ ಕೂತು ಉಣ್ಣಲು ಜಾಗ ಮಾಡಿಕೊಟ್ಟಿದ್ದಾರೆ. ಜಪಾನಿನ ತಾಯಂದಿರೂ ನಮ್ಮಂತೆಯೇ ಡಬ್ಬಿ ಕಟ್ಟುವವರು! ಎರಡು ಕಡೆಯೂ ವ್ಯಾಪಾರ ನಡೆಯುತ್ತಿದೆ. ಅಂದಮೇಲೆ ಇದು ಅನಿವಾರ್ಯದ ಪ್ರಶ್ನೆಯಲ್ಲ, ಮನಸ್ಸಿನ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆದಾಗ ನಲ್ಲಿ ಕೆಲಸದವರ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಸಾಕಷ್ಟು ಸಿದ್ಧವಾಗಿರಲಿಲ್ಲ. ಸುಡುವ ಬಿಸಿಲು. ತಂಪು ಪಾನೀಯ ಮಾರಲೆಂದೇ ಹೀಗೆ ಮಾಡಿದ್ದಾರೆಂದು ಜನ ದೂರಿದರು. ಅದು ನಿಜವಲ್ಲದಿದ್ದರೂ ಜನಕ್ಕೆ ಹಾಗೆ ತೋಚಿತಲ್ಲ, ಅದನ್ನು ಗಮನಿಸಬೇಕು. ನೀರಿಗೆ ದುಡ್ಡು ಕೇಳುವವನನ್ನು ಯಾವ ದೇಶದ ಜನವೂ ಮನಸಾರೆ ನಂಬುವುದಿಲ್ಲ.

ನಮ್ಮ ಜಾತ್ರೆಗಳಲ್ಲಿ ಹೀಗಿರಲಿಲ್ಲ ಎಂದು ಹೇಳಲು ನಾಲಿಗೆ ತುರಿಸುತ್ತದೆ. ಬೆಟ್ಟದಪುರದ ಜಾತ್ರೆಗೆ, ಚುಂಚನಕಟ್ಟೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ದಾರಿಯುದ್ದಕ್ಕೂ ಅರವಟ್ಟಿಗೆ. ಪಾನಕ, ನೀರುಮಜ್ಜಿಗೆ ಕೊಟ್ಟು, ಕುಡಿದವರಿಗೇ ಕೈಮುಗಿಯುತ್ತಿದ್ದರು. ತೊಟ್ಟಿಲಾಟಕ್ಕೆ ಕಾಸು, ಬೆಂಡು ಬತ್ತಾಸಿಗೆ ಕಾಸು, ಹಸಿವು ಬಾಯಾರಿಕೆಗೆ ಮಾತ್ರ ಕಾಸಿರಲಿಲ್ಲ. ಸುತ್ತೂರು ಜಾತ್ರೆಗೆ ಹೋದವರಿಗೆ ಈಗಲೂ ದಾಸೋಹದ ಊಟ ಸಿಗುತ್ತದೆ.

ಆದರೆ ನೆನಪನ್ನು ಇನ್ನೊಂದು ಸ್ವಲ್ಪ ಕೆದಕಿದರೆ ಬೇರೆಯದೂ ಕಾಣುತ್ತದೆ. ನನ್ನ ಅಜ್ಜಿಯ ಬುತ್ತಿ ಬಿಚ್ಚುತ್ತಿದ್ದುದು ಒಂದು ಮರದ ಕೆಳಗೆ. ನಮ್ಮ ಹೊಲದಲ್ಲಿ ದುಡಿಯುವವರ ಬುತ್ತಿ ಬಿಚ್ಚುತ್ತಿದ್ದುದು ದೂರದ ಇನ್ನೊಂದು ಮರದ ಕೆಳಗೆ. ಆ ಮರದಿಂದ ಈ ಮರಕ್ಕೆ ರೊಟ್ಟಿ ಬರುತ್ತಿರಲಿಲ್ಲ. ಅರವಟ್ಟಿಗೆಯಲ್ಲೂ ಕೆಲವರಿಗೆ ಲೋಟ, ಕೆಲವರಿಗೆ ಬೊಗಸೆ. ಪಾರ್ಕಿನ ಕೌಂಟರಿನಲ್ಲಿ ಕೂತ ಹುಡುಗಿ ನೀನು ಯಾರ ಪೈಕಿ ಎಂದು ಕೇಳುವುದಿಲ್ಲ. ಒಳಗೆ ಬೇಯಿಸಿದವರು ಯಾರೆಂದು ನಾವೂ ಕೇಳುವುದಿಲ್ಲ. ದಸರಾ ಆಹಾರ ಮೇಳದಲ್ಲಿ ಎಚ್.ಡಿ. ಕೋಟೆ ಕಾಡಂಚಿನ ಆದಿವಾಸಿಗಳು ಬಿದಿರಿನ ಬೊಂಬಿನಲ್ಲಿ ಬೇಯಿಸುವ ಬಿರಿಯಾನಿಗೆ ಮೈಸೂರಿನ ಜನ ಉದ್ದದ ಸಾಲು ನಿಲ್ಲುತ್ತಾರೆ. ಅವರ ಹಾಡಿಗೆ ಹೋದರೆ ನೀರು ಕುಡಿಯಲು ಹಿಂದೆಮುಂದೆ ನೋಡುವವರೂ ಆ ಸಾಲಿನಲ್ಲಿ ಇರಬಹುದು. ದುಡ್ಡು ಕೊಟ್ಟು ತಿಂದರೆ ಹೋಗುವ ಮೈಲಿಗೆ ಪುಕ್ಕಟೆ ಕೊಟ್ಟರೆ ಯಾಕೆ ಹೋಗುತ್ತಿರಲಿಲ್ಲವೋ! ಜಾತಿ ಕೇಳುವ ಬಾಗಿಲು, ಜೇಬು ಕೇಳುವ ಬಾಗಿಲು ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಜೇಬಿನದನ್ನೇ ಆರಿಸಿಯೇನು, ಗೊಣಗುತ್ತಲೇ.

ಬುತ್ತಿಯ ಪರವಾಗಿ ನಾನು ಮನೆಯಲ್ಲಿ ಭಾಷಣ ಮಾಡುತ್ತಿದ್ದಾಗ ಸೊಸೆ ನಡುವೆ ಬಾಯಿ ಹಾಕಿದಳು. "ಅತ್ತೆ, ನಿಮ್ಮ ಸಂಘದವರೆಲ್ಲ ಅವತ್ತು ಎಷ್ಟು ಗಂಟೆಗೆ ಎದ್ದಿದ್ರಿ?" ನಾಲ್ಕಕ್ಕೆ ಎಂದೆ. "ಹಾಗಾದ್ರೆ ಪ್ರವಾಸ ಎಲ್ಲಿಂದ ಶುರು ಆಯ್ತು? ದಿನಾ ಲಟ್ಟಿಸೋದನ್ನೇ ಅವತ್ತೂ ಲಟ್ಟಿಸಿ, ಅದನ್ನೇ ಹೊತ್ಕೊಂಡು ಹೋಗಿ ತಿನ್ನೋದಾದ್ರೆ ಮನೇಲೇ ಇರಬಹುದಿತ್ತಲ್ಲ." ಅವಳ ಮಾತಿನಲ್ಲಿ ಹುರುಳಿದೆ. ಸಂಸಾರ ಸಮೇತ ಹೋಗುವಾಗ ಗಂಡಸರು ಕೈಬೀಸಿಕೊಂಡು ಬಸ್ಸು ಹತ್ತುತ್ತಾರೆ, ಹೆಂಗಸರು ಅಡುಗೆಮನೆಯನ್ನೇ ಚೀಲಕ್ಕೆ ತುಂಬಿಕೊಂಡು ಹತ್ತುತ್ತಾರೆ. ಮನೆಯ ಊಟ ಶ್ರೇಷ್ಠ ಎಂದು ಹೊಗಳುವವರಲ್ಲಿ ಎಷ್ಟು ಜನ ಪಾತ್ರೆ ತೊಳೆದವರು ಎಂದು ಎಣಿಸಬೇಕು. ಯಾರೋ ಬೇಯಿಸಿ ಯಾರೋ ತಂದು ಇಟ್ಟದ್ದನ್ನು ಕೂತು ತಿನ್ನುವ ಸುಖ ಹೆಂಗಸಿಗೆ ಸಿಗುವುದೇ ಅಪರೂಪ. ಅದಕ್ಕೆ ದುಬಾರಿ ಬೆಲೆ ಕೊಟ್ಟರೂ ಅದನ್ನು ದುಂದು ಎನ್ನಲು ನನಗೆ ಮನಸ್ಸಿಲ್ಲ.

ಇಷ್ಟಾದರೂ ಬುತ್ತಿಯ ಪರವಾಗಿ ಒಂದು ಮಾತು ಉಳಿಯುತ್ತದೆ. ಅದು ಹೊಳೆದದ್ದು ಒಳಗೆ, ಊಟದ ಹಾಲಿನಲ್ಲಿ.

ಹನ್ನೊಂದು ಜನರಲ್ಲಿ ಹತ್ತು ಜನ ಸಾಲಿನಲ್ಲಿ ನಿಂತು ತಟ್ಟೆ ತಂದರು. ಒಬ್ಬಳು ಮಾತ್ರ ಎದ್ದಿರಲಿಲ್ಲ. "ನನಗೆ ಇವತ್ತು ಒಪ್ಪತ್ತು ಕಣಕ್ಕ, ಬೆಳಿಗ್ಗೆ ಆಯ್ತಲ್ಲ" ಎಂದಳು. ಅವತ್ತು ಸೋಮವಾರವೂ ಅಲ್ಲ, ಏಕಾದಶಿಯೂ ಅಲ್ಲ. ಅವಳು ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಹತ್ತಿರ ಎಲೆ ಕಟ್ಟುವ, ಗ್ರೇಡು ಮಾಡುವ ಕೂಲಿಗೆ ಹೋಗುವವಳು. ಸುಗ್ಗಿ ಕಳೆದ ಮೇಲೆ ಸಿಕ್ಕ ಕೆಲಸ. ಅಲ್ಲಿನ ಒಂದು ತಟ್ಟೆಯ ಬೆಲೆ ಅವಳ ಅರ್ಧ ದಿನ. ಗೇಟಿನ ಹೊರಗೆ ಎಲ್ಲರಿಗಿಂತ ಹೆಚ್ಚು ಪುಳಿಯೋಗರೆ ತಂದಿದ್ದವಳೂ ಅವಳೇ. ಎಲ್ಲರಿಗೂ ಬಡಿಸಿದ್ದಳು.

"ಬಾ, ನಾನು ಕೊಡಿಸ್ತೀನಿ" ಎನ್ನಬಹುದಿತ್ತೆಂದು ನಿಮಗೆ ಅನ್ನಿಸಬಹುದು. ಹಾಗೆಂದರೆ ಅವಳ ಒಪ್ಪತ್ತು ಸುಳ್ಳೆಂದು ಹತ್ತು ಜನರ ಮುಂದೆ ಸಾರಿದ ಹಾಗೆ. ಹಸಿವಿಗಿಂತ ಅದು ಹೆಚ್ಚು ಸುಡುತ್ತದೆ. ಬುತ್ತಿಯ ಗುಣ ಇರುವುದು ಇಲ್ಲಿ. ಡಬ್ಬಿ ಬಿಚ್ಚಿ ನಡುವೆ ಇಟ್ಟರೆ ಯಾರ ಕೈ ಯಾವುದಕ್ಕೆ ಹೋಯಿತೆಂದು ಲೆಕ್ಕವಿಲ್ಲ. ಇವಳ ಪುಳಿಯೋಗರೆ ಅವಳ ಎಲೆಗೆ, ಅವಳ ಉಪ್ಪಿನಕಾಯಿ ಇವಳ ಎಲೆಗೆ. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಹೇಳುವಂತಿಲ್ಲ. ಪಾರ್ಕಿನ ತಟ್ಟೆಗೋ, ಅದರ ಜೊತೆಗೇ ರಸೀತಿ. ಒಬ್ಬರ ತಟ್ಟೆಯಿಂದ ಒಂದು ತುತ್ತು ಇನ್ನೊಬ್ಬರಿಗೆ ಹೋದರೂ ಅದಕ್ಕೆ ಬೆಲೆಚೀಟಿ ಅಂಟಿಕೊಂಡೇ ಹೋಗುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ನೂಡಲ್ಸು, ಪಿಜ್ಜಾ, ಗೋಬಿಯ ಮಾತು ಜೋರಾಗಿ ನಡೆದಿತ್ತು. ಉಣ್ಣದವರ ಎದುರಿಗೆ ಉಣ್ಣಬಾರದೆಂದು ಹಿರಿಯರು ಕಲಿಸಿದ್ದಾರೆ. ಉಣ್ಣದವರ ಎದುರಿಗೆ ಉಂಡದ್ದರ ಮಾತು ಆಡಬಹುದೇ? ಈ ಬಗ್ಗೆ ಅವರು ಏನೂ ಹೇಳಿಲ್ಲ. ಬಹುಶಃ ಅವರ ಕಾಲದಲ್ಲಿ ಜೊತೆಯಲ್ಲಿ ಹೊರಟವರು ಒಂದೇ ಗಂಟಿನಿಂದ ಉಣ್ಣುತ್ತಿದ್ದರು. ಮಾತು ನಿಲ್ಲಿಸಿಬಿಟ್ಟರೂ ಅವಳಿಗೆ ಗೊತ್ತಾಗುತ್ತಿತ್ತು, ತನಗಾಗಿಯೇ ನಿಲ್ಲಿಸಿದರೆಂದು. ಮಾತು ಆಡಿದರೂ ನೋವು, ಆಡದಿದ್ದರೂ ನೋವು ಎನ್ನುವಂಥ ಜಾಗ ಅದು. ಹುಣಸೂರಿಗೆ 45 ಕಿಲೋಮೀಟರು ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು, ಅಥವಾ ನಿದ್ದೆ ಬಂದಿತ್ತೋ ಏನೋ.

ಸಂಘದ ಮುಂದಿನ ಸಭೆಯಲ್ಲಿ ನಾನು ಅವಳ ಹೆಸರು ಎತ್ತಲಿಲ್ಲ. ಪ್ರವಾಸಕ್ಕೆಂದು ತಿಂಗಳು ತಿಂಗಳು ಇಷ್ಟಿಷ್ಟು ಕಟ್ಟೋಣ, ಟಿಕೆಟ್ಟೂ ಊಟವೂ ಅದರಲ್ಲೇ ಆಗಲಿ, ಅಲ್ಲಿ ಯಾರೂ ಪರ್ಸು ತೆಗೆಯುವುದು ಬೇಡ ಎಂದೆ ಅಷ್ಟೆ. ಸಲೀಸಾಗಿ ಒಪ್ಪಿದರೆಂದು ತಿಳಿಯಬೇಡಿ. ಒಬ್ಬರು "ನನಗೆ ಸಕ್ಕರೆ ಕಾಯಿಲೆ, ಎರಡು ಇಡ್ಲಿ ತಿನ್ನೋಳು, ಬಿರಿಯಾನಿ ತಿನ್ನೋರಷ್ಟೇ ನಾನ್ಯಾಕೆ ಕಟ್ಟಲಿ" ಎಂದರು. ನ್ಯಾಯವಾದ ಮಾತೇ. ಇನ್ನೊಬ್ಬರಿಗೆ ಮಾಂಸದ ಖರ್ಚು ಎಲ್ಲರ ದುಡ್ಡಿನಲ್ಲಿ ಆಗಬಾರದು. ಎರಡು ಸಭೆ ಇದರಲ್ಲೇ ಕಳೆಯಿತು. ಕೊನೆಗೆ ತಿಂಗಳಿಗೆ ಐವತ್ತು ರೂಪಾಯಿ ಎಂದಾಯಿತು. ಬಿರಿಯಾನಿ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ.

ಎಲ್ಲಿಗೆ ಹೋಗುವುದು ಎಂದು ಕೇಳಿದಾಗ ಕಬಿನಿ ಎಂದರು, ಮತ್ತೆ ನೀರಿನ ಪಾರ್ಕೇ ಎಂದರು. ಒಪ್ಪತ್ತಿನವಳು ಅಪರೂಪಕ್ಕೆ ಬಾಯಿ ಬಿಟ್ಟು ಬೈಲಕುಪ್ಪೆ ಎಂದಳು. "ಚಿನ್ನದ ದೇವಸ್ಥಾನ ಎಷ್ಟು ಸಲ ನೋಡೋದು" ಎಂದು ಯಾರೋ ರಾಗ ಎಳೆದರು. "ದೇವಸ್ಥಾನ ನಾನೂ ನೋಡಿವ್ನಿ ಕಣಕ್ಕ. ಅಲ್ಲಿ ಆ ಟಿಬೆಟಿನೋರು ಹಬೇಲಿ ಬೇಯಿಸಿ ಮಾರ್ತಾರಲ್ಲ, ಮೊಮೊನೋ ಏನೋ, ನಮ್ಮ ಹುಡುಗ ಯಾವಾಗಲೂ ಅದರ ವಿಚಾರವೇ ಹೇಳ್ತನೆ. ನಮ್ಮ ಕಡುಬಿಗಿಂತ ಅದೇನು ಹೆಚ್ಚು ಅಂತ ತಿಂದು ನೋಡ್ಬೇಕು" ಎಂದಳು.