ಒಂದೇ ಅಡುಗೆಮನೆ, ಮೂರು ದರ

ಬೆಂಗಳೂರಿನ ಕೆಲವು ಸಸ್ಯಾಹಾರಿ ಹೋಟೆಲುಗಳಲ್ಲಿ ಒಂದೇ ಮಸಾಲೆ ದೋಸೆಗೆ ಮೂರು ದರ. ಟೋಕನ್ ತೆಗೆದುಕೊಂಡು ನಿಂತು ತಿಂದರೆ ಒಂದು, ಕುರ್ಚಿ ಮೇಜಿನ ಸರ್ವಿಸ್ ವಿಭಾಗದಲ್ಲಿ ಕೂತರೆ ಇನ್ನೊಂದು, ಮಹಡಿಯ ಎ.ಸಿ. ಹಾಲಿಗೆ ಹೋದರೆ ಮತ್ತೊಂದು. ಹಿಟ್ಟು ರುಬ್ಬಿದ್ದು ಒಂದೇ ಗ್ರೈಂಡರಿನಲ್ಲಿ, ಹೊಯ್ದದ್ದು ಒಂದೇ ಕಾವಲಿಯ ಮೇಲೆ, ಪಲ್ಯವೂ ಒಂದೇ ಪಾತ್ರೆಯದು. ಹಾಗಾದರೆ ಮಹಡಿ ಹತ್ತಿದವರು ಹೆಚ್ಚಿಗೆ ತೆತ್ತದ್ದು ಯಾವುದಕ್ಕೆ?

ಮಾರುಕಟ್ಟೆ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಗಿರಾಕಿಗಳೆಲ್ಲ ಒಂದೇ ಬಗೆಯವರಲ್ಲ, ಅವರನ್ನು ಗುಂಪುಗಳಾಗಿ ನೋಡಬೇಕು ಎಂದು ವೆಂಡೆಲ್ ಸ್ಮಿತ್ 1956ರಲ್ಲಿ ಬರೆದರು. ಸರಕು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕರ ಹದವನ್ನು ಜೆರೋಮ್ ಮೆಕಾರ್ಥಿ 1960ರಲ್ಲಿ ಹೇಳಿದರು. ಸೇವೆಯನ್ನು ಮಾರುವ ಕಡೆ ಈ ನಾಲ್ಕು ಸಾಲದೆಂದು 1981ರಲ್ಲಿ ಬೂಮ್ಸ್ ಮತ್ತು ಬಿಟ್ನರ್ ಇನ್ನೂ ಮೂರನ್ನು ಸೇರಿಸಿದರು: ಕೆಲಸ ಮಾಡುವ ಜನ, ಕೆಲಸ ನಡೆಯುವ ಕ್ರಮ, ಕಣ್ಣಿಗೆ ಕಾಣುವ ಪರಿಸರ. ದೋಸೆಯ ಮೂರು ದರ ಹುಟ್ಟುವುದು ಬಹುಮಟ್ಟಿಗೆ ಈ ಕೊನೆಯ ಮೂರರಿಂದಲೇ. ಸರ್ಕಾರಕ್ಕೂ ಇದು ಗೊತ್ತಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿನ ಊಟಕ್ಕೆ ಶೇ 12, ಎ.ಸಿ. ಇದ್ದರೆ ಶೇ 18 ತೆರಿಗೆ ಬಿತ್ತು. ಅದೇ ನವೆಂಬರಿನಲ್ಲಿ ಎರಡನ್ನೂ ಶೇ 5ಕ್ಕೆ ಇಳಿಸಿದರು. ಕೆಲವು ತಿಂಗಳ ಕಾಲ ತಣ್ಣನೆಯ ಗಾಳಿಗೇ ಬೇರೆ ತೆರಿಗೆ ಇತ್ತು ಎನ್ನಬಹುದು.

ಆದರೆ ಈ ಉತ್ತರ ನನಗೆ ಸಾಲುವುದಿಲ್ಲ. ಜನ, ಕ್ರಮ, ಪರಿಸರ ಎಂಬ ಮೂರನ್ನೂ ಬಿಡಿಸಿ ನೋಡಿದರೆ ಉಳಿಯುವುದು ಒಬ್ಬ ಮನುಷ್ಯ ಇನ್ನೊಬ್ಬನನ್ನು ಬರಮಾಡಿಕೊಳ್ಳುವ ರೀತಿ. ಎಷ್ಟು ಹೊತ್ತು ಕಾಯಿಸುತ್ತೇವೆ, ಎಲ್ಲಿ ಕೂರಿಸುತ್ತೇವೆ, ಯಾವ ದನಿಯಲ್ಲಿ ಏನು ಬೇಕೆಂದು ಕೇಳುತ್ತೇವೆ. ಗಿರಾಕಿಗಳನ್ನು ವಿಂಗಡಿಸುವುದೆಂದರೆ ಇವುಗಳಲ್ಲಿ ಯಾವುದಕ್ಕೆ ಬೆಲೆ ಕಟ್ಟಬಹುದು, ಯಾವುದಕ್ಕೆ ಕಟ್ಟಬಾರದು ಎಂದು ತೀರ್ಮಾನಿಸುವುದೂ ಹೌದು.

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಶುರುಮಾಡಿದ ಕೆಫೆ ದರ್ಶಿನಿಯನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ. ನಿಂತು ತಿನ್ನುವ ಜಾಗಗಳು ಅದಕ್ಕೂ ಮುಂಚೆ ಇದ್ದವು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ದರ್ಶಿನಿ ಮಾಡಿದ್ದು ಆ ರೀತಿಗೆ ಎಲ್ಲಿ ಬೇಕಾದರೂ ನಡೆಸಬಹುದಾದ ಒಂದು ಅಚ್ಚು ಕೊಟ್ಟದ್ದು. ಚಿಕ್ಕ ಜಾಗ, ಮೊದಲೇ ದುಡ್ಡು ಕೊಟ್ಟು ಟೋಕನ್, ಎದೆಯೆತ್ತರದ ದುಂಡು ಮೇಜು, ಎದುರಿಗೇ ಬೇಯುವ ಇಡ್ಲಿ. ಕುರ್ಚಿ ಹೋಯಿತು, ಸಪ್ಲೈಯರ್ ಹೋದ, ಬಿಲ್ಲಿಗಾಗಿ ಕಾಯುವುದು ಹೋಯಿತು. ಹಾಗೆ ಉಳಿದ ಖರ್ಚಿನಿಂದ ಬೆಲೆ ಇಳಿಯಿತು. ಇಡ್ಲಿಯ ಗಾತ್ರವಾಗಲಿ ತುಪ್ಪವಾಗಲಿ ಕಡಿಮೆಯಾಗಬೇಕಾಗಲಿಲ್ಲ. ಕಡಿಮೆ ದುಡ್ಡಿನವರಿಗೆಂದು ಸರಕನ್ನೇ ತೆಳ್ಳಗೆ ಮಾಡಿ ಮಾರುವ ಉದ್ದಿಮೆಗಳು ಸಾಕಷ್ಟಿವೆ. ಇಲ್ಲಿ ತೆಗೆದದ್ದು ಸುತ್ತಲಿನದನ್ನು, ತಟ್ಟೆಯಲ್ಲಿನದನ್ನಲ್ಲ. ಆ ದುಂಡು ಮೇಜಿನ ಸುತ್ತ ಆಟೋ ಓಡಿಸುವವರು, ಬ್ಯಾಂಕಿನವರು, ಕಾಲೇಜು ಹುಡುಗಿಯರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ತಿಂದರು. ಒಂದು ವರ್ಗಕ್ಕೆಂದು ಹೂಡಿದ ವ್ಯವಸ್ಥೆಯಲ್ಲಿ ಎಲ್ಲ ವರ್ಗದವರೂ ಬೆರೆತರು. ಗಿರಾಕಿಗಳೂ ತಮ್ಮ ಲೆಕ್ಕ ತಾವೇ ಹಾಕಿದರು. ಒಂದು ಕಾಫಿಯನ್ನು ಬೈ ಟೂ ಮಾಡಿಕೊಂಡಾಗ ಬೆಲೆಯನ್ನೂ ಪ್ರಮಾಣವನ್ನೂ ನಿಗದಿಮಾಡಿದವರು ಕುಡಿಯುವವರೇ.

ಇನ್ನು ವಿದ್ಯಾರ್ಥಿ ಭವನ. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ಅಲ್ಲಿ ಪಂಚೆ ಉಟ್ಟ ಸಪ್ಲೈಯರ್ ಕೈತುಂಬ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಬರುವುದನ್ನು ನೋಡಲೆಂದೇ ಜನ ಕಾಯುತ್ತಾರೆ. ಅಲ್ಲಿ ಆ ಮನುಷ್ಯನ ನೈಪುಣ್ಯವೂ ದೋಸೆಯಷ್ಟೇ ಮುಖ್ಯ. ಎಂಟಿಆರ್‌ನಲ್ಲಿ ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟದ್ದೂ ಇದೇ ಜಾತಿಯ ಯೋಚನೆ. ಚೊಕ್ಕವಾಗಿ ಮಾಡಿದ್ದೇವೆಂದು ಬಾಯಲ್ಲಿ ಹೇಳುವ ಬದಲು ತೋರಿಸುವುದು.

ದರ್ಶಿನಿಯನ್ನು ಇಷ್ಟು ಮೆಚ್ಚಿದ ಮೇಲೆ ಅದು ಯಾರನ್ನು ಹೊರಗಿಟ್ಟಿತು ಎಂದೂ ಕೇಳಬೇಕು. ಮೊಣಕಾಲು ನೋವಿನ ಹಿರಿಯರು, ಕಂಕುಳಲ್ಲಿ ಮಗು ಇರುವ ತಾಯಿ, ಗಾಲಿಕುರ್ಚಿಯವರು. ಅವರ ಬಳಿ ದುಡ್ಡಿಲ್ಲವೆಂದಲ್ಲ, ಮೇಜಿನ ಎತ್ತರ ಅವರದ್ದಲ್ಲ. ಈಚೆಗೆ ಕೆಲವು ಕಡೆ ಟೋಕನ್ ಕೊಡಲು ಗಲ್ಲಾದಲ್ಲಿ ಯಾರೂ ಇರುವುದಿಲ್ಲ, ಗಾಜಿನ ಪರದೆಯನ್ನು ಒತ್ತಬೇಕು, ಫೋನಿನಲ್ಲೇ ದುಡ್ಡು ಕಟ್ಟಬೇಕು. ಓದು ಬಾರದವರು, ಬರೀ ನೋಟು ಹಿಡಿದು ಬಂದವರು ಅಲ್ಲಿಂದ ಮೆಲ್ಲಗೆ ಹಿಂದೆ ಸರಿಯುತ್ತಾರೆ. ಬೆಲೆ ಕಟ್ಟುವ ಗೋಡೆಯಾದರೂ ಬೋರ್ಡಿನ ಮೇಲೆ ಅಂಕಿಯಾಗಿ ಕಾಣುತ್ತದೆ. ಕ್ರಮ ಕಟ್ಟುವ ಗೋಡೆ ಕಾಣುವುದೇ ಇಲ್ಲ, ಅದಕ್ಕೇ ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಗಿರಾಕಿಗಳ ವಿಂಗಡಣೆ ನಮ್ಮ ನಾಡಿಗೆ ಪಠ್ಯಪುಸ್ತಕದಿಂದ ಬಂದದ್ದಲ್ಲ ಎನ್ನುವುದನ್ನೂ ಮರೆಯುವಂತಿಲ್ಲ. ಬ್ರಾಹ್ಮಣರಿಗೆ ಒಳಗೆ ಬೇರೆ ಜಾಗ ಇಟ್ಟ ಹೋಟೆಲುಗಳಿದ್ದವು. ದಲಿತರಿಗೆ ಪ್ರತ್ಯೇಕ ಲೋಟ ಇಟ್ಟು, ಅದನ್ನು ಅವರೇ ತೊಳೆದಿಡಬೇಕೆಂದ ಚಹಾದಂಗಡಿಗಳಿದ್ದವು. ಆ ಲೋಟಗಳು ಎಲ್ಲ ಊರುಗಳಿಂದ ಹೋಗಿವೆ ಎಂದು ಈಗಲೂ ಎದೆ ತಟ್ಟಿ ಹೇಳಲಾಗದು. ಜನ, ಕ್ರಮ, ಪರಿಸರ ಮೂರೂ ಅಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದವು: ಯಾರು ಬಡಿಸಬೇಕು, ಹೇಗೆ ಸುರಿಯಬೇಕು, ಎಲ್ಲಿ ಕೂರಬೇಕು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರು ಹಿಡಿದೇ ಹೇಳಿ ಈ ಭೇದವನ್ನು ನಿಷೇಧಿಸಬೇಕಾಯಿತೆಂದರೆ ತಟ್ಟೆ ಲೋಟಗಳ ಸುತ್ತ ಎಂಥ ಅವಮಾನ ಕಟ್ಟಿಕೊಂಡಿತ್ತೆಂದು ಊಹಿಸಬಹುದು.

ಎ.ಸಿ. ಹಾಲಿಗೂ ಆ ಪ್ರತ್ಯೇಕ ಲೋಟಕ್ಕೂ ವ್ಯತ್ಯಾಸ ದೊಡ್ಡದು. ಇವತ್ತು ಕೆಳಗೆ ನಿಂತವರು ನಾಳೆ ಮಗಳ ಹುಟ್ಟುಹಬ್ಬಕ್ಕೆ ಮಹಡಿ ಹತ್ತಬಹುದು. ಆ ಲೋಟದಲ್ಲಿ ಕುಡಿದವರಿಗೆ ಹಣವಿದ್ದರೂ ದಾರಿ ಇರಲಿಲ್ಲ. ಆದರೆ ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳಲಾರೆ. ಯಾವತ್ತೂ ಮಹಡಿ ಹತ್ತಲಾಗದಷ್ಟು ಕಡಿಮೆ ದುಡಿಮೆಯವರಿಗೆ ಆ ಮೆಟ್ಟಿಲು ಇದ್ದೂ ಇಲ್ಲದ ಹಾಗೆಯೇ. ಆದ್ದರಿಂದ ಒಂದು ಹೋಟೆಲನ್ನು ಅಳೆಯುವಾಗ ನಾನು ಮೇಲಿನ ಹಾಲಿನ ದೀಪಗಳನ್ನು ನೋಡುವುದಿಲ್ಲ. ಕೆಳಗೆ ಕುಡಿಯುವ ನೀರು ಶುದ್ಧವಾಗಿದೆಯೇ, ಮೇಜು ಒರೆಸುವ ಬಟ್ಟೆ ಒಗೆದದ್ದೇ, ಚಟ್ನಿ ಬೆಳಗಿನದ್ದೇ ಸಂಜೆಗೂ ಬಂತೇ, ಇನ್ನೊಂದು ಸೌಟು ಸಾಂಬಾರು ಕೇಳಿದವರಿಗೆ ಮುಖ ಸಿಂಡರಿಸುತ್ತಾರೆಯೇ ಎಂದು ನೋಡುತ್ತೇನೆ. ಮೆತ್ತನೆಯ ಕುರ್ಚಿಗೆ, ತಂಪಿಗೆ, ಬಿಡುವಾಗಿ ಮಾತಾಡುವ ಅವಕಾಶಕ್ಕೆ ಬೆಲೆ ಕಟ್ಟಲಿ. ಕೆಳಗಿನ ಆ ಶುಚಿಗೆ, ಮರ್ಯಾದೆಗೆ ಕಟ್ಟಬಾರದು.

2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಟೋಕನ್ನು, ನಿಂತು ತಿನ್ನುವ ಮೇಜು, ಎಲ್ಲ ದರ್ಶಿನಿಯದೇ ಪದ್ಧತಿ. ಪುಕ್ಕಟೆ ಮಾಡದೆ ಸಣ್ಣದೊಂದು ಬೆಲೆ ಇಟ್ಟದ್ದು ಸರಿಯೆಂದೇ ನನ್ನ ಎಣಿಕೆ. ದುಡ್ಡು ಕೊಟ್ಟವರು ಅನ್ನ ತಣ್ಣಗಿದೆಯೆಂದು ದೂರಬಹುದು. ದೂರುವ ಹಕ್ಕಿರುವವರೇ ಗಿರಾಕಿಗಳು.

ಈ ಎಲ್ಲ ಲೆಕ್ಕದಲ್ಲಿ ಜನ ಎಂಬ ಅಂಶವನ್ನು ಮಾರುವವನ ಉಪಕರಣವೆಂದು ಎಣಿಸುವುದೇ ವಾಡಿಕೆ. ಆ ಜನ ಯಾರು? ಒಂದು ಕಾಲಕ್ಕೆ ಕುಂದಾಪುರ, ಉಡುಪಿ ಕಡೆಯಿಂದ ಬಂದ ಹುಡುಗರು, ಈಗ ಒಡಿಶಾ, ಅಸ್ಸಾಮಿನಿಂದ ಬಂದವರೂ ಇದ್ದಾರೆ. ಬೆಳಗಿನಿಂದ ರಾತ್ರಿಯವರೆಗೆ ಮೂರೂ ವಿಭಾಗಗಳಲ್ಲಿ ಓಡಾಡುವ ಅವರಿಗೆ ಯಾವ ವಿಭಾಗದಲ್ಲೂ ಕುರ್ಚಿಯಿಲ್ಲ. ಅಂಗಡಿಗಳಲ್ಲಿ ದುಡಿಯುವವರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಎ.ಸಿ. ಹಾಲಿನ ಬಿಲ್ಲಿನಲ್ಲಿ ಗಿರಾಕಿ ಕೊಡುವ ಹೆಚ್ಚಿನ ಹಣದ ಒಂದು ಪಾಲು ಅಡುಗೆಮನೆಯ ಬಾಗಿಲ ಬಳಿ ಎರಡು ಸ್ಟೂಲು ಹಾಕಿಸುವುದಕ್ಕೂ ಹೋಗಬೇಕು.